ಟಿಕೆಟ್ಟಿನ ಬೆನ್ನಿಗೆ

ನಾಲ್ಕನೇ ಸ್ಟೇಜು ಎಂದರು ಡಾಕ್ಟರು.
ಹನ್ನೊಂದು ವರ್ಷ ಸಿಟಿ ಬಸ್ಸಲ್ಲಿ ಸೀಟಿ ಊದಿದವಳು ನಾನು,
ಮೊದಲು ನೆನಪಾದದ್ದು ದರದ ಪಟ್ಟಿ.
ಬನಶಂಕರಿ ಮೂರನೇ ಸ್ಟೇಜು ಗೊತ್ತು, ಬಿಟಿಎಂ ಎರಡನೆಯದು ಗೊತ್ತು,
ನಾಲ್ಕಕ್ಕೆ ಎಷ್ಟಾಗತ್ತೆ ಸಾರ್ ಅಂದುಬಿಟ್ಟೆ.
ಅವರು ದುಡ್ಡಿನ ಮಾತೆಂದು ತಿಳಿದು
ಬಿಪಿಎಲ್ ಕಾರ್ಡ್ ಇದೆಯಾ ಎಂದು ಕೇಳಿದರು.

ಮೂವತ್ತಾರು ನನಗೆ.
ಮನೆಗೆ ಬಂದು ಅನ್ನಕ್ಕಿಟ್ಟೆ. ಕುಕ್ಕರು ಮೂರು ಸಲ ಕೂಗಿತು.
ನಾಲ್ಕನೆಯದಕ್ಕೆ ಕಾಯದೆ ಒಲೆ ಆರಿಸಿದೆ.

ಈಗ ಬೆರಳ ತುದಿಗಳು ಜೋಮು ಹಿಡಿದಿವೆ; ಔಷಧಿಯ ಕೆಲಸ.
ಕತ್ತಲಲ್ಲೂ, ಕಾಮಾಕ್ಯದ ತಿರುವಿನಲ್ಲಿ ಬಸ್ಸು ವಾಲುವಾಗಲೂ
ಒಂದು ರೂಪಾಯಿ ಯಾವುದು, ಎರಡು ಯಾವುದು
ಅಂಚು ಸವರಿಯೇ ಹೇಳುತ್ತಿದ್ದ ಬೆರಳು.
ನಿನ್ನೆ ಅಂಗಡಿಯವನ ಮುಂದೆ ಅಂಗೈ ತೆರೆದು
ನೀನೇ ಆರಿಸಿಕೊಳ್ಳಪ್ಪ ಅಂದೆ.
ಅದಕ್ಕೆ ಅಳು ಬಂತು. ಕೂದಲು ಹೋದಾಗ ಬಂದಿರಲಿಲ್ಲ.

ಎಲ್ಲರೂ ಧೈರ್ಯ ಕೊಡುತ್ತಾರೆ, ತಾಂಬೂಲ ಕೊಟ್ಟ ಹಾಗೆ.
ಇಸಕೊಂಡು, ಎಲ್ಲಿಡಲಿ ಅಂತ ಸುತ್ತ ನೋಡುತ್ತೇನೆ.
ಅಕ್ಕ ಹರಕೆಯ ದಾರ ತಂದಳು, ಡಿಪೋದವರು ಹಣ್ಣಿನ ಬುಟ್ಟಿ,
ಎದುರು ಮನೆಯಾಕೆ ತನ್ನ ಸೋದರತ್ತೆಯ ಕತೆ;
ಕೊನೆ ನೆನಪಾಗಿ ಮಧ್ಯದಲ್ಲೇ ನಿಲ್ಲಿಸಿದಳು.
ನನ್ನ ಗಂಡ ಮಾತ್ರ ಏನೂ ಅನ್ನದೆ
ರಾತ್ರಿ ಹನ್ನೆರಡಕ್ಕೆ ಎದ್ದು ನಲ್ಲಿಯ ವಾಷರ್ ಬದಲಿಸುತ್ತಾನೆ,
ಸೋರದ ನಲ್ಲಿಯದೂ.

ಡ್ರಿಪ್ ಹಾಕುವ ಕೋಣೆಯಲ್ಲಿ ಪಕ್ಕದ ಕುರ್ಚಿ ನಸೀಮಾಳದು.
ಗುರಪ್ಪನಪಾಳ್ಯ. ಇಪ್ಪತ್ತೊಂಬತ್ತು.
ಇಬ್ಬರೂ ಕೂತು ಹೊಟ್ಟೆಕಿಚ್ಚಿನ ಲೆಕ್ಕ ಒಪ್ಪಿಸುತ್ತಿದ್ದೆವು:
ಮೊಣಕಾಲು ನೋವೆಂದು ಗೊಣಗುವ ಅಜ್ಜಿಯರ ಮೇಲೆ ಅವಳಿಗೆ,
ನರೆಗೂದಲಿಗೆ ಬಣ್ಣ ಹಚ್ಚುವವರ ಮೇಲೆ ನನಗೆ.
ಮುದುಕಿಯಾಗಿದ್ದರೆ ಏನು ಮಾಡ್ತಿದ್ದೆ ಎಂದು ಕೇಳಿದೆ.
ಸೊಸೆಯ ಬಿರಿಯಾನಿಗೆ ಉಪ್ಪು ಸಾಲದು ಅಂತಿದ್ದೆ, ಅಂದಳು.
ನಕ್ಕ ಸದ್ದಿಗೆ ನರ್ಸು ಓಡಿಬಂದು ಬಾಟಲಿ ನೋಡಿದಳು.
ಮೂರು ವಾರದಿಂದ ಆ ಕುರ್ಚಿಯಲ್ಲಿ ಬೇರೆ ಯಾರೋ.
ನಾನು ಫೋನು ಮಾಡಿಲ್ಲ.
ಮಾಡದಿರುವ ತನಕ ಅವಳಿದ್ದಾಳೆ.

ಚಿಲ್ಲರೆ ಇಲ್ಲದ ಬೆಳಗುಗಳಲ್ಲಿ
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಸುತ್ತು ಹಾಕಿ
ಇಳಿಯುವಾಗ ಇಸ್ಕೊಳ್ಳಿ ಅನ್ನುತ್ತಿದ್ದೆ.
ಅರ್ಧ ಜನ ಮರೆತೇ ಇಳಿಯುತ್ತಿದ್ದರು;
ಬಾಗಿಲಲ್ಲಿ ನಿಂತು ಕೂಗಿದರೂ ಮಾರ್ಕೆಟ್ಟಿನ ಗದ್ದಲ ನುಂಗುತ್ತಿತ್ತು.
ಮಿಷನ್ನಿನ ಅಕ್ಷರ ತಿಂಗಳೊಪ್ಪತ್ತಿಗೆ ಮಾಸುತ್ತದೆ,
ಬೆನ್ನಿನ ಮೇಲಿನ ಪೆನ್ನಿನದು ಉಳಿಯುತ್ತದೆ.
ಹಾಗಾಗಿ ಹಳೆ ಟಿಕೆಟ್ಟುಗಳನ್ನು ಡಬ್ಬಿಯಲ್ಲಿ ಕೂಡಿಟ್ಟು
ಇಂಚರಾಳಿಗೆ ಬರೆಯುತ್ತಿದ್ದೇನೆ, ಒಂಬತ್ತು ವರ್ಷ ಅವಳಿಗೆ:

ಬಾಕಿ: ಹಿಂದೆ ಕೈ ಚಾಚಿ ನೀನೇ ಜಡೆ ಹೆಣೆಯುವುದು.
ಬಾಕಿ: ಮೊದಲ ಸಲ ಮುಟ್ಟಾದ ದಿನ ಅಪ್ಪನಿಗೇ ಹೇಳು. ಗಾಬರಿ ಬೀಳ್ತಾನೆ, ಪರವಾಗಿಲ್ಲ.
ಬಾಕಿ: ಹೂವಿನವಳ ಹತ್ತಿರ ಚೌಕಾಸಿ ಬೇಡ. ಸೀರೆಯವನ ಹತ್ತಿರ ಅರ್ಧಕ್ಕೆ ಕೇಳು.
ಒಂದರಲ್ಲಿ ಏನೂ ಬರೆಯಲಾಗಲಿಲ್ಲ.
ಸುತ್ತು ಮಾತ್ರ ಹಾಕಿದ್ದೇನೆ.

ಇವತ್ತು ಆಸ್ಪತ್ರೆಯಿಂದ ವಾಪಸು. ಹೊಸ ಹುಡುಗ, ಕಂಡಕ್ಟರು,
ನನ್ನ ಗುರುತಿಲ್ಲ; ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ.
ಹಿರಿಯ ನಾಗರಿಕರಿಗೆ ಎಂದು ಬರೆದ ಸೀಟಿನಲ್ಲಿ ಕೂತೆ.
ಜಯದೇವದಲ್ಲಿ ಹತ್ತಿದ ತಾತ ಕೋಲು ಕುಟ್ಟಿದರು:
ಓದಕ್ಕೆ ಬರಲ್ವೇನಮ್ಮ?
ಬರುತ್ತೆ. ಎಷ್ಟೋ ಜನರನ್ನು ಅಲ್ಲಿಂದ ನಾನೇ ಎಬ್ಬಿಸಿದ್ದೇನೆ.
ಮುಂದಿನ ಸ್ಟಾಪಲ್ಲಿ ಇಳೀತೀನಿ ತಾತ, ಅಂದೆ.

ಸುಳ್ಳು.
ಕದಿರೇನಹಳ್ಳಿ ಕ್ರಾಸು ಇನ್ನೂ ದೂರ,
ಸಿಗ್ನಲ್ಲು ಕೆಂಪು,
ತೊಡೆಯ ಮೇಲೆ ಕಿಟಕಿಯಳತೆಯ ಬಿಸಿಲು.
ಏಳಲಿಲ್ಲ ನಾನು.