ಕಂಬದ ಹಿಂದಿನ ಕುರ್ಚಿ

ಗ್ರ್ಯಾಂಟ್ ರೋಡ್ ಸೇತುವೆ ಇಳಿದು ಎಡಕ್ಕೆ ಹೊರಳಿದರೆ
ಬೀಗ ರಿಪೇರಿಯವನ ಗೂಡು, ಆಮೇಲೆ ಆಲ್ಬಿಯನ್.
ಅದರ ಟಿಕೇಟು ಕಿಂಡಿಯಲ್ಲಿ ಅಪ್ಪ ಮೂವತ್ತೊಂದು ವರ್ಷ ಕೂತ.
ಅಂಕೋಲೆಯ ಹಮ್ಮಣ್ಣ ನಾಯಕ ಎಂದರೆ ಯಾರಿಗೂ ತಿಳಿಯದು,
ಕಿಂಡಿಯವ ಎಂದರೆ ಅರ್ಧ ಗಿರಗಾಂವಿಗೆ ಗೊತ್ತು.

ಕೆ ಸಾಲಿನ ಹದಿನೇಳನೆಯ ಕುರ್ಚಿಗೆ ಅರ್ಧ ದರ.
ಹರಿದುಕೊಡುವ ಮೊದಲು ಮೂರು ಸಲ ಹೇಳುತ್ತಿದ್ದ:
ಮಧ್ಯೆ ಖಾಂಬ ಆಹೆ, ಸಾಹೇಬ. ಖಾಂಬ. ಖಾಂಬ ಆಹೆ.
ಮಾರಾಟವಾಗದ ರಾತ್ರಿ ಅದು ನನ್ನದು.

ಕಟ್ಟಿಸಿದವನು ಹತ್ತಿಯ ದಲಾಲಿ ಹೋರ್ಮಸ್‌ಜಿ ರೂವಾಲಾ,
ಹಡಗಿನಲ್ಲಿ ಬರುವ ಇಟಲಿಯ ಗಾಯಕಿಯರಿಗಾಗಿ.
ಕುದುರೆ ಲಾಳದ ಹಾಗೆ ಬಾಗಿದ ಎರಡು ಬಾಲ್ಕನಿ,
ಹೊತ್ತು ನಿಂತ ಹದಿನಾಲ್ಕು ಎರಕದ ಕಂಬ;
ಬುಡದಲ್ಲಿ ಗ್ಲಾಸ್ಗೋದ ಫೌಂಡ್ರಿಯ ಹೆಸರು
ಏಳು ಪದರ ಬಣ್ಣದಡಿ ಉಬ್ಬಿ, ಬೆರಳಿಗೆ ಮಾತ್ರ ಓದಲು ಸಿಗುತ್ತಿತ್ತು.
ಗುಂಬಜದೊಳಗೆ ಒಂಬತ್ತು ಗಾರೆಯ ಹೆಂಗಸರು.
ಒಬ್ಬಳ ಮೂಗು ಡಾಕಿನ ಸ್ಫೋಟಕ್ಕೆ ಉದುರಿದ್ದೆಂದು ಅಪ್ಪ,
ಪಾರಿವಾಳದ ಕೆಲಸ ಎಂದು ಬಡಗಿ ಬಾಳಾ ಸುತಾರ.

ಇಟಲಿಯವರು ಎರಡೇ ಹಂಗಾಮು ಹಾಡಿದರು.
ಮೂರನೆಯದಕ್ಕೆ ಅವರಿಗಿಂತ ಮೊದಲು ಪ್ಲೇಗು ಬಂತು.
ಆಮೇಲೆ ತಂತಿಗೆ ತೂಗಿಬಿದ್ದು ಇಳಿದರು ಉರ್ದು ಪರಿಯರು;
ಆಮೇಲೆ ಮರಾಠಿಯ ಕೃಷ್ಣ, ಸುಭದ್ರೆ, ಕಾಲು ತುಳಿಯುವ ಆರ್ಗನ್ನು.
ದನಿ ಸೋರುತ್ತದೆಂದು ಒಬ್ಬ ತಬಲಜಿ ಹಟ ಹಿಡಿದು
ಕುಂಬಾರವಾಡೆಯಿಂದ ಅರವತ್ತು ಕೊಡ ತರಿಸಿ
ರಂಗದ ಹಲಗೆಯಡಿ ಹೂಳಿಸಿದ, ಬಾಯಿ ಮೇಲೆ ಮಾಡಿ.
ರಾತ್ರಿ ಎರಡಕ್ಕೂ ‘ವನ್ಸ್ ಮೋರ್’.
ಸತ್ತ ನಾಯಕ ಎದ್ದು ಕೂತು, ಪದವನ್ನು ಮತ್ತೆ ಹಾಡಿ,
ಮತ್ತೆ ಸತ್ತದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದನಂತೆ.

ನಾನು ಕಂಡದ್ದೆಲ್ಲ ಅರ್ಧರ್ಧ.
ಬರೀ ಬಲಗೈಯ ರಾಜ. ಸೆರಗಿನ ತುದಿಯಷ್ಟೇ ರಾಣಿ.
ಪ್ರೇಮಪತ್ರ ಕಂಬದೊಳಗೆ ಹೊಕ್ಕು
ಆಚೆ ಬದಿಯಲ್ಲಿ ಇನ್ನೊಬ್ಬರ ಕೈಗೆ ಸಿಗುತ್ತಿತ್ತು.

ಬೇಸರ ಬಂದು ಒಮ್ಮೆ ಕಂಬಕ್ಕೆ ಕಿವಿಯಿಟ್ಟೆ.
ಪೊಳ್ಳು ಕಬ್ಬಿಣ, ಮಾಳಿಗೆಯ ಮಳೆನೀರು ಇಳಿಯಲೆಂದು.
(ಗ್ಲಾಸ್ಗೋದವರಿಗೂ ಮಳೆ ಗೊತ್ತಿರಬೇಕು.)
ಆಷಾಢದ ನೀರು ಒಳಗೊಳಗೇ ಇಳಿಯುವಾಗ
ಅದರ ಹಿಂದೆ ಆರ್ಗನ್ನಿನ ಖರ್ಜ,
ನಟಿಯ ಬರಿಗಾಲಿನ ಎಳೆತ, ವಿಂಗಿನಲ್ಲಿ ಯಾರದೋ ಕೆಮ್ಮು—
ಕೊಡದಿಂದ ಹಲಗೆಗೆ, ಹಲಗೆಯಿಂದ ತೊಲೆಗೆ,
ತೊಲೆಯಿಂದ ನನ್ನ ದವಡೆಗೆ.
ಪೂರ್ತಿ ದುಡ್ಡು ಕೊಟ್ಟವರಿಗೆ ಇದು ಸಿಗಲಿಲ್ಲ.
ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ದರ ಏರಿಸುತ್ತಿದ್ದ.

ಬಿಳಿ ಪರದೆ ಬಂತು, ಸಿನೆಮಾ ಬಂತು.
ಗಾರೆಯ ಹೆಂಗಸರ ನಡುವೆ ಕೊರೆದು ಫ್ಯಾನು ತೂಗಿದರು.
ಕೊನೆಗೆ ಬನಿಯನ್ ಗೋದಾಮು, ಕೊನೆಗೆ ಬೀಗ,
ಗೂಡಿನವನಿಗೂ ತೆರೆಯಲಾರದ ಕೋರ್ಟಿನ ಬೀಗ.

ಈಗ ಮೃಣ್ಮಯಿ ಘಾಣೇಕರ, ತಲೆಗೆ ಹಳದಿ ಹೆಲ್ಮೆಟ್ಟು,
ಬ್ಲೇಡಿನಲ್ಲಿ ಬಣ್ಣ ಕೆರೆದು ವರ್ಷ ಎಣಿಸುತ್ತಾಳೆ:
ಗಿಳಿಹಸಿರು, ಕಂದು, ಅದರಡಿ ಚಿನ್ನದ ಒಂದು ಗೆರೆ.
ನನ್ನನ್ನು ಕರೆಸಿದ್ದು ಅಪ್ಪನ ನಕಾಶೆಗಾಗಿ,
ಪೆನ್ಸಿಲಿನ ಮನೆಗಳು, ಕೆ-ಹದಿನೇಳರ ಮೇಲೆ ಒಂದು ಇಂಟು.
ಉಕ್ಕಿನ ತೊಲೆ ಕೊಟ್ಟರೆ ಈ ಕಂಬ ಬೇಕಿಲ್ಲ ಆಂಟಿ, ಅಂದಳು,
ಎಲ್ಲರಿಗೂ ಎಲ್ಲವೂ ಕಾಣುತ್ತದೆ.

ಎಪ್ಪತ್ತೆಂಟರ ಮೊಣಕಾಲು ಹಿಡಿದುಕೊಂಡು ಹೇಳಿದೆ:
ಒಂದು ಸಲ ಕಿವಿಯಿಡು.
ಹೊರಗೆ ಮಳೆ ಹೊಯ್ಯುತ್ತಿತ್ತು. ಆದರೆ ನೀರನ್ನು ಅವರು
ಪ್ಲಾಸ್ಟಿಕ್ ಪೈಪಿಗೆ ತಿರುಗಿಸಿ ತಿಂಗಳಾಗಿತ್ತು.
ರಂಗದ ಮೇಲೆ ಒಬ್ಬ ಗಾರೆಯವ ಚಪ್ಪಲಿ ಕಳಚಿಟ್ಟು
ಚೀಲ ಹೊತ್ತು ನಡೆಯುತ್ತಿದ್ದ, ಅಷ್ಟೇ.

ಹೆಲ್ಮೆಟ್ಟು ತೆಗೆದು ಕಿವಿಯಿಟ್ಟಳು.
ತುಂಬ ಹೊತ್ತು ತೆಗೆಯಲಿಲ್ಲ.
ಆಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.
ಏನೋ ಗೊತ್ತಿಲ್ಲ, ನಾನು ಕೂತಲ್ಲಿಂದ
ಮಧ್ಯೆ ಕಂಬವಿತ್ತು.