ಎಡಗಿವಿ

ಮೂರು ತಿಂಗಳು ನಾನು ಯಾರ ಮುಖವನ್ನೂ ನೋಡಲಿಲ್ಲ,
ಕಿವಿ ನೋಡಿದೆ.
ಲಿಂಗಸುಗೂರಿನಿಂದ ಹಟ್ಟಿ, ಹಟ್ಟಿಯಿಂದ ಲಿಂಗಸುಗೂರು,
ಮಷೀನು ಕರ್ ಎಂದು ಉಗುಳಿದ
ಸೊನ್ನೆ ರೂಪಾಯಿಯ ಟಿಕೀಟು ಹರಿದು ಕೊಡುತ್ತ
ಹೆಂಗಸರ ಕಿವಿಯಲ್ಲೇ ಕಣ್ಣು.

ಕ್ರಾಸಿನಲ್ಲಿ ಇಳಿದ ಮುದುಕಿಯ ಕಿವಿಯಂಚಿಗೆ ಆರು ತೂತು,
ಎರಡರಲ್ಲಿ ಬುಗುಡಿ, ಉಳಿದವಕ್ಕೆ ಬೇವಿನ ಕಡ್ಡಿ.
ನರ್ಸಮ್ಮನದು ಚುಕ್ಕಿಯಷ್ಟು ಹರಳು.
ಹೊಸದಾಗಿ ಮದುವೆಯಾದವಳ ಝುಮಕಿ
ರಸ್ತೆ ಉಬ್ಬು ಬಂದರೆ ಅವಳಿಗಿಂತ ಮೊದಲು ಹಾರುತ್ತಿತ್ತು.
"ಏನ್ ನೋಡ್ತಿಯವಾ ಕಂಡಕ್ಟರಮ್ಮಾ,
ಇವರಿಗಿ ಚಿಲ್ರಿ ಕೊಡು ಮೊದಲ."

ಅವ್ವನಿಗೆ ಒಂದು ಜೋಡಿ ಬೇಕಿತ್ತು.
ಮೇ ಮೂವತ್ತೊಂದಕ್ಕೆ ಅಪ್ಪ
ಕೊನೆಯ ಸಲ ಕೇಜಿನಲ್ಲಿ ಮೇಲೆ ಬರುತ್ತಾನೆ.
ಶಾಲು, ಹಾರ, ಭಾಷಣ, ಒಂದು ಗೋಡೆ ಗಡಿಯಾರ;
ಪಕ್ಕದ ಕುರ್ಚಿಯಲ್ಲಿ ಅವ್ವ.
ನಿನಗೊಂದು ಉಂಗುರ ಅಂದರೆ ಕೈ ಕೊಡವಿದ:
"ಮೂವತ್ನಾಕು ವರ್ಷ ಬಂಗಾರದ ಕಲ್ಲು ಒಡದೀನಿ.
ಹೊರಗ ಬರೂ ಮುಂದ ದಿನಾ ಬೂಟು ಬಿಚ್ಚಿಸಿ ಜಾಡಿಸ್ಯಾರ.
ಈ ಬೆರಳಿಗಿ ಬಂಗಾರ ಅಂದ್ರ ಇನ್ನೂ ಅಂಜಿಕಿ.
ನಿಮ್ಮವ್ವಗ ತಗೋ."

ಅವ್ವನ ಎಡಗಿವಿ ಊರಲ್ಲಿ ಯಾರೂ ಕಂಡಿಲ್ಲ.
ಎಂಥ ಗಾಳಿಗೂ ಸೆರಗು ಅಲ್ಲೇ,
ಮೊಳೆ ಹೊಡೆದ ಹಾಗೆ.
ಹಾಲೆ ಹರಿದು ಎರಡಾಗಿದೆ.
"ಭಾರಕ್ಕ ಹರೀತು" ಅನ್ನುತ್ತಿದ್ದಳು ಕೇಳಿದಾಗಲೆಲ್ಲ,
ರೊಟ್ಟಿ ಬಡಿಯುವುದು ನಿಲ್ಲಿಸದೆ.

ಕಾಳಪ್ಪ ಪತ್ತಾರರ ಅಂಗಡಿಯಲ್ಲಿ
ಮೂರು ತಿಂಗಳ ಕಿವಿಗಳನ್ನೆಲ್ಲ ಕೂಡಿಸಿ ಕಳೆದು
ಪಾಠದಂತೆ ಒಪ್ಪಿಸಿದೆ:
ಬೆಂಡೋಲೆ, ಏಳು ಹರಳು, ಹಿಂದೆ ತಿರುಪು,
ನಾಲ್ಕು ಗ್ರಾಮು ಮೀರಬಾರದು.
ಅವರು ಕನ್ನಡಕ ಏರಿಸಿ, ಸೆರಗು ಸರಿಸವ್ವಾ ಅಂದರು.
ಅವ್ವ ನನ್ನ ಕಡೆ ನೋಡಿದಳು.
ಸರಿಸಿದಳು.

"ಗ್ವಾಡಿನ ಇಲ್ಲ, ಗೂಟ ಎಲ್ಲಿ ಬಡೀಲಿ ತಂಗೀ?
ಮೊದಲ ಕಿವಿ ಹೊಲಿಸ್ಕೊಂಡು ಬರ್ರಿ."
ಮತ್ತೆ ಸೀಳಿನ ಅಂಚನ್ನು ಬಗ್ಗಿ ನೋಡಿ,
ತಮಗೆ ತಾವೇ ಎಂಬಂತೆ:
"ಭಾರಕ್ಕ ಹರಿಯೂದು ಸಾವಕಾಶ, ಜೋತು ಜೋತು.
ಇದು ಒಮ್ಮಿಗೇ ಜಗ್ಗಿದ್ದು.
ಕೂಸಿನ ಕೈ."

ಮನೆಯಲ್ಲಿದ್ದ ಕೂಸು ನಾನೊಬ್ಬಳೇ.

"ಎಂಟು ತಿಂಗಳದಾಕಿ ಇದ್ದಿ, ನಿನಗೇನ್ ಗೊತ್ತು.
ಹೊಳೀತಿತ್ತು, ಹಿಡದಿ.
ಬಿಡಸಾಕ ಹೋದ್ರ ನಕ್ಕೋತ ಮತ್ತ ಜಗ್ಗಿದಿ"
ಎಂದು ಅವ್ವ ನಕ್ಕಳು, ಪತ್ತಾರರೂ.
ನಾನು ಗಾಜಿನ ಕೆಳಗಿನ ಓಲೆಗಳನ್ನು ಎಣಿಸತೊಡಗಿದೆ.
ರಾತ್ರಿ ಡಿಪೋದಲ್ಲಿ ಪೈಸೆ ಲೆಕ್ಕ ತಪ್ಪದವಳಿಗೆ
ಹನ್ನೊಂದರ ಮೇಲೆ ಎಣಿಕೆ ಹೋಗಲಿಲ್ಲ.

ಟಿಕೀಟಿನ ಹಿಂದೆ ಬರೆಸಿಕೊಂಡು
ಇಳಿಯುವಾಗ ಕೇಳದೆ ಹೋಗುತ್ತಾರಲ್ಲ ಕೆಲವರು,
ಆ ಚಿಲ್ಲರೆ
ಇಪ್ಪತ್ತೆಂಟು ವರ್ಷ ನನ್ನ ಚೀಲದಲ್ಲೇ ಇತ್ತು.

ಕ್ಯಾಂಪಿನ ಆಸ್ಪತ್ರೆಯಲ್ಲಿ ಮೂರು ಹೊಲಿಗೆ.
ಹೊಸ ತೂತಿಗೆ ಶ್ರಾವಣದ ತನಕ ತಡೆಯಿರಿ ಅಂದರು ಡಾಕ್ಟರು.
ಹೀಗಾಗಿ ಮೇ ಮೂವತ್ತೊಂದಕ್ಕೆ ಓಲೆ ಡಬ್ಬಿಯಲ್ಲೇ ಉಳಿಯಿತು.
ಅವ್ವ ಸೆರಗನ್ನು ಹೆಗಲಿಗೆ ಬಿಟ್ಟು
ಎಡಗಿವಿಯ ಬಿಳಿ ಪಟ್ಟಿ ಎಲ್ಲರಿಗೂ ಕಾಣುವಂತೆ ಕೂತಿದ್ದಳು.
ಅಪ್ಪ ಹಾರದೊಳಗಿಂದಲೇ ನನ್ನತ್ತ ಬಾಗಿ:
"ಟನ್ ಕಲ್ಲು ಅರದ್ರ ಸುಮಾರ ಎರಡು ಗ್ರಾಂ.
ಒಂದೊಂದು ಕಿವಿಗೆ ಒಂದೊಂದು ಟನ್ ಆತು.
ಹೊಲಿಗಿ ತಡೀತಾವೇನು, ಕೇಳೀಯಾ?"

ಮರುವಾರ ಅವ್ವ ನನ್ನ ಬಸ್ಸು ಹತ್ತಿದಳು.
ಕಿಟಕಿಯ ಪಕ್ಕ, ಎಡಗಿವಿ ಗಾಳಿಗೆ.
ಟಿಕೀಟು ಕೊಟ್ಟೆ, ಹಿಂದೆ ಪೆನ್ನಿನಲ್ಲಿ ಬರೆದು.
ತಿರುಗಿಸಿ ತಿರುಗಿಸಿ ನೋಡಿದಳು:
"ಏನ ಇದು,
ಪುಕ್ಕಟ್ಟಿ ಟಿಕೀಟಿಗಿ ಬಾಕಿ ಎಲ್ಲಿಂದ ಬಂತು?"