ಸದ್ದು ತೆಗೆಯುವ ಗುಂಡಿ

ಎಸ್ಪಿ ರೋಡಿನಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರು,
ಮಗ ಬಿಟ್ಟುಕೊಟ್ಟ ಮೌಸು, ಎಡಗುಂಡಿಗೆ ಎರಡು ಏಟು ಬೇಕು.
ಆನ್ ಮಾಡಿದರೆ ಮೊದಲು ಫ್ಯಾನು ಕೆಮ್ಮುತ್ತದೆ,
ಕಾಮಾಕ್ಷಿಪಾಳ್ಯದ ಲೇತುಗಳಿಗೆಲ್ಲ
ಹಾಜರಿ ಹೇಳಿದ ಹಾಗೆ.

ನಾನು ಡ್ರಿಲ್ ಮಾಸ್ಟರು.
ಸೀಟಿ ಗೊತ್ತು, ಮೈದಾನದ ಸುಣ್ಣದ ಗೆರೆ ಗೊತ್ತು,
ಟೈಮ್‌ಲೈನ್ ಅನ್ನುವ ಈ ಗೆರೆ ಹೊಸದು.
‘ನೀವೇ ಮಾಡಿ ಮೇಷ್ಟ್ರೇ,’ ಅಂದರು ಜುಬೇದಾ ಮೇಡಂ,
‘ಶನಿವಾರ ಮುನಿವೆಂಕಟಮ್ಮನ ಬೀಳ್ಕೊಡುಗೆ,
ಆರು ನಿಮಿಷ ಸಾಕು. ಖರ್ಚು ಮಾತ್ರ ಬೇಡ.’

ಹನ್ನೊಂದು ಫೋನುಗಳಿಂದ ಬಂದವು ತುಣುಕು:
ಅಡ್ಡದ್ದು, ಉದ್ದದ್ದು, ಒಂದು ತಲೆಕೆಳಗು.

ಮೊದಲನೇ ಸಾಫ್ಟ್‌ವೇರು ಬಿಟ್ಟಿ.
ಎಲ್ಲ ಮುಗಿದ ಮೇಲೆ ಪ್ರತಿ ಹಣೆಯ ಮೇಲೂ ತನ್ನ ಹೆಸರು ಒತ್ತಿತು,
ಪಂಚೆಯಂಚಿಗೆ ಮಿಲ್ಲಿನ ಮುದ್ರೆ ಒತ್ತಿದ ಹಾಗೆ.
ಎರಡನೆಯದು ಮೂವತ್ತು ದಿನದ ನೆಂಟ,
ಉಂಡು, ಮಲಗಿ, ಉಳಿಸು ಅಂದಾಗ ಕೈಚಾಚಿತು.
ಮೂರನೆಯದು ಎಂಟುನೂರ ತೊಂಬತ್ತೊಂಬತ್ತು, ಜೀವಮಾನಕ್ಕೆ.
ಯಾರ ಜೀವಮಾನ ಅಂತ ಎಲ್ಲೂ ಬರೆದಿರಲಿಲ್ಲ.
ಶಶಿರೇಖಾ ಕಂಪ್ಯೂಟರನ್ನು ನೋಡಿದಳು, ನನ್ನನ್ನು ನೋಡಿದಳು,
ಗ್ಯಾಸಿಗೆ ಎತ್ತಿಟ್ಟ ದುಡ್ಡು ತಂದಿಟ್ಟಳು.

ಪರದೆಯ ಮೂಲೆಯಲ್ಲೊಂದು ಪುಟ್ಟ ಕತ್ತರಿ.
ಶಾಲಾ ವಾರ್ಷಿಕೋತ್ಸವದ ಬಿಇಒ ಸಾಹೇಬರ ಭಾಷಣ
ಒಂಬತ್ತು ನಿಮಿಷ ಇತ್ತು, ಏಳು ಸೆಕೆಂಡಿಗೆ ತಂದೆ.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ಇಂಥ ಸುಖ ಸಿಕ್ಕಿರಲಿಲ್ಲ.

ಆದರೆ ಅವಳೆಲ್ಲಿ?
ಯಾವ ತುಣುಕಿನಲ್ಲೂ ಮುನಿವೆಂಕಟಮ್ಮ ನಡುವೆ ಇಲ್ಲ.
ಅಂಚಿನಲ್ಲಿ ಒಂದು ಬಕೆಟ್ಟು, ಬಕೆಟ್ಟು ಹಿಡಿದ ಕೈ.
ಧ್ವಜದ ಹಿಂದೆ ಅರ್ಧ ಸೆರಗು.
ಯಾರದೋ ಮಗುವಿನ ಮೂಗೊರೆಸುತ್ತಾ
ಬೆನ್ನು, ಬೆನ್ನು, ಮತ್ತೆ ಬೆನ್ನು.
ಒಂದೇ ಒಂದು ಕಡೆ ಮುಖವಿದೆ, ದೂರದಲ್ಲಿ.
ಹಿಗ್ಗಿಸಿದೆ.
ಹಿಗ್ಗಿಸಿದಷ್ಟೂ ಅದು ಚೌಕ ಚೌಕವಾಗಿ ಒಡೆದು
ಗೆರೆ ಸೇರಿಸದ ರಂಗೋಲಿಯಾಯಿತು.

ಮೇಲೆ ಗಲಾಟೆ ಬೇರೆ. ಮಾಗಡಿ ರಸ್ತೆಯ ಬಸ್ಸು,
ಗಾಳಿ, ಮೈಕಿನ ಕೀರಲು.
ಸದ್ದು ತೆಗೆಯುವ ಗುಂಡಿ ಕಣ್ಣಿಗೆ ಬಿತ್ತು, ಒತ್ತಿದೆ.
ಬಸ್ಸು ಹೋಯಿತು. ಗಾಳಿ ಹೋಯಿತು.
ಮಕ್ಕಳ ಮಾತು ತೊಳೆದ ಲೋಟದ ಹಾಗೆ.
ವಾಹ್ ಅಂದುಕೊಂಡು ಇನ್ನೊಮ್ಮೆ ಕೇಳಿದೆ.
ಏನೋ ಇಲ್ಲ.
ಮೂರನೇ ಸಲ ಇಯರ್‌ಫೋನ್ ಹಾಕಿ ಕೂತೆ.

ಗಂಟೆ ಇಲ್ಲ.

ಹೊಂಗೆ ಮರಕ್ಕೆ ತೂಗುಬಿಟ್ಟ ರೈಲು ಕಂಬಿಯ ತುಂಡು,
ಅವಳು ಬೋಲ್ಟಿನಿಂದ ಹೊಡೆಯುತ್ತಿದ್ದದ್ದು.
ಹನ್ನೊಂದು ಫೋನಿನಲ್ಲೂ ಎಲ್ಲೋ ಹಿಂದೆ
ಸಣ್ಣಗೆ ಇತ್ತು, ನಾನೇ ಗಮನಿಸಿರಲಿಲ್ಲ.
ಎಂಟುನೂರ ತೊಂಬತ್ತೊಂಬತ್ತರ ಲೆಕ್ಕದಲ್ಲಿ
ಬಸ್ಸಿನ ಜೊತೆ ಅದೂ ಗದ್ದಲ.

ಹಿಂದಕ್ಕೆ ಹೋಗು ಅಂದೆ. ಹಿಂದಕ್ಕೆ. ಇನ್ನೂ ಹಿಂದಕ್ಕೆ.
ಬಸ್ಸು ಬಂತು, ಗಾಳಿ ಬಂತು, ಹಾರನ್ನು ಬಂತು,
ಬರಲಿ ಬಿಡು ಅಂತ ಬಿಟ್ಟೆ.
ಒಬ್ಬ ಹುಡುಗ ಫೋನು ನಿಲ್ಲಿಸಲು ಮರೆತ ತುಣುಕೊಂದಿತ್ತು:
ಬರೀ ಅವನ ಮೊಣಕೈ, ಆಚೆ ಒಂಚೂರು ಆಕಾಶ,
ಅದರೊಳಗೆ ನಾಲ್ಕು ಏಟು, ಸ್ಪಷ್ಟ.
ಅದನ್ನೇ ಕೊನೆಗಿಟ್ಟೆ, ಮೊಣಕೈ ಸಮೇತ.

ಹೊರತೆಗೆಯಲು ಎರಡು ಗಂಟೆ ಹತ್ತು ನಿಮಿಷ ಅಂದಿತು.
ಎಂಬತ್ತೆರಡಕ್ಕೆ ಬಂದಾಗ ಕರೆಂಟು ಹೋಯಿತು.
ಕತ್ತಲಲ್ಲಿ ಫ್ಯಾನಿನ ಕೆಮ್ಮೂ ಇಲ್ಲ.
ಮತ್ತೆ ಸೊನ್ನೆಯಿಂದ. ಮುಗಿದಾಗ
ಮೊದಲ ಹಾಲಿನ ಗಾಡಿ ಬಂದಿತ್ತು.

ಶನಿವಾರ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು.
ಬಿಇಒ ಸಾಹೇಬರು ತಮ್ಮ ಭಾಷಣಕ್ಕೆ ಕಾದು ಕೂತಿದ್ದರು,
ಏಳು ಸೆಕೆಂಡು ಬಂದು ಹೋಯಿತು.
ಕೊನೆಗೆ ಮೊಣಕೈ. ಮಕ್ಕಳು ನಕ್ಕರು.
ನಾಲ್ಕು ಏಟು ಬಿತ್ತು.

ಮುನಿವೆಂಕಟಮ್ಮ ಹಾರ ಸರಿಮಾಡಿಕೊಂಡು
ನನ್ನ ಕಡೆ ಬಾಗಿದಳು:
‘ಮೂರನೇದು ಮೆತ್ತಗೆ ಬಿದ್ದದೆ ನೋಡಿ ಸಾ,
ಅವತ್ತು ರಟ್ಟೆ ನೋಯ್ತಿತ್ತು.’